ಜಪಾನಿನ ಹುಡುಗರು ಇಂಗ್ಲಿಷ್ ಕಲಿತದ್ದು ಹೇಗೆ, ಮರೆತದ್ದು ಯಾಕೆ?

1859ನೇ ಇಸವಿ. ಜಪಾನಿನ ಯೊಕೊಹಾಮಾ ಎಂಬ ಮೀನುಗಾರರ ಹಳ್ಳಿ ಆಗಷ್ಟೇ ಹೊರದೇಶದ ವ್ಯಾಪಾರಿಗಳಿಗೆ ತೆರೆದ ಬಂದರಾಗಿತ್ತು. ಅದನ್ನು ಕಣ್ಣಾರೆ ನೋಡಬೇಕೆಂದು ಫುಕುಜಾವಾ ಯುಕಿಚಿ ಎಂಬ 24 ವರ್ಷದ ಮೇಷ್ಟ್ರು ಎಡೊ ಪಟ್ಟಣದಿಂದ ನಡುರಾತ್ರಿ ಹೊರಟು ನಡೆದುಕೊಂಡೇ ಹೋದರು. ಎಡೊ ಅಂದರೆ ಇಂದಿನ ಟೋಕಿಯೊ.

ಫುಕುಜಾವಾ ಡಚ್ ಭಾಷೆಯಲ್ಲಿ ಪಳಗಿದವರು. ವರ್ಷಗಟ್ಟಲೆ ನಿದ್ದೆಗೆಟ್ಟು ಕಲಿತಿದ್ದರು, ಬೇರೆಯವರಿಗೂ ಕಲಿಸುತ್ತಿದ್ದರು. ಆದರೆ ಯೊಕೊಹಾಮಾದಲ್ಲಿ ಅಂಗಡಿ ಬೋರ್ಡು ಓದಲಾಗಲಿಲ್ಲ. ಬಾಟಲಿ ಮೇಲಿನ ಚೀಟಿ ಅರ್ಥವಾಗಲಿಲ್ಲ. ಅವರು ಮಾತಾಡಿದ್ದು ಅಲ್ಲಿನವರಿಗೆ ತಿಳಿಯಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಇಂಗ್ಲಿಷ್. ಒಬ್ಬ ಜರ್ಮನ್ ವ್ಯಾಪಾರಿಗೆ ಮಾತ್ರ ಇವರು ಬರೆದು ತೋರಿಸಿದ ಡಚ್ ಅಷ್ಟೋ ಇಷ್ಟೋ ತಿಳಿಯಿತು.

ಮತ್ತೆ ನಡೆದುಕೊಂಡು ಮನೆ ಸೇರುವ ಹೊತ್ತಿಗೆ ಮತ್ತೊಂದು ನಡುರಾತ್ರಿ. ಕಾಲು ಸೋತಿತ್ತು, ಅದಕ್ಕಿಂತ ಹೆಚ್ಚಾಗಿ ಮನಸ್ಸು ಸೋತಿತ್ತು. ಇಷ್ಟು ವರ್ಷ ಕಲಿತದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಅನ್ನಿಸಿತು. ಆದರೆ ಮಾರನೆಯ ದಿನವೇ ಅವರು ಇಂಗ್ಲಿಷ್ ಕಲಿಯಲು ನಿಶ್ಚಯಿಸಿದರು.

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಒಳ್ಳೆ ಮಾರ್ಕ್ಸ್ ತೆಗೆದು, ಪಿಯುಸಿ ಸೈನ್ಸ್‌ನ ಮೊದಲ ಕ್ಲಾಸಿನಲ್ಲಿ ಕೂತ ಹುಡುಗ ಹುಡುಗಿಯರಿಗೆ ಈ ಸೋಲು ಚೆನ್ನಾಗಿ ಗೊತ್ತು. ಅದಕ್ಕೇ ಜಪಾನಿನ ಈ ಕಥೆಯನ್ನು ಪೂರ್ತಿ ಹೇಳಬೇಕು. ಅಲ್ಲಿನ ಕಾಲೇಜು ಹುಡುಗರು ಒಂದು ಕಾಲದಲ್ಲಿ ಇಂಗ್ಲಿಷನ್ನು ಬೆರಗಾಗುವಷ್ಟು ಚೆನ್ನಾಗಿ ಕಲಿತರು. ಆಮೇಲೆ ಮರೆತರು. ಎರಡಕ್ಕೂ ಕಾರಣಗಳಿವೆ.

ದಿಂಬು ಬೇಕಿಲ್ಲದ ಹಾಸ್ಟೆಲ್

ಮೊದಲು ಡಚ್ ಯಾಕೆ ಅನ್ನುವುದು ತಿಳಿಯಬೇಕು. ಜಪಾನ್ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನವರಿಗೆ ಬಾಗಿಲು ಮುಚ್ಚಿತ್ತು. ನಾಗಾಸಾಕಿಯ ಒಂದು ಪುಟ್ಟ ದ್ವೀಪದಲ್ಲಿ ಡಚ್ಚರಿಗೆ ಮಾತ್ರ ವ್ಯಾಪಾರಕ್ಕೆ ಅವಕಾಶವಿತ್ತು. ಹಾಗಾಗಿ ಯುರೋಪಿನ ವೈದ್ಯ, ವಿಜ್ಞಾನ ಏನೇ ಬಂದರೂ ಡಚ್ ಪುಸ್ತಕದ ಮೂಲಕವೇ ಬರಬೇಕಿತ್ತು.

ಒಸಾಕಾ ಪಟ್ಟಣದಲ್ಲಿ ಒಗಾಟಾ ಕೋಆನ್ ಎಂಬ ವೈದ್ಯರು ತೆಕಿಜುಕು ಎಂಬ ಶಾಲೆ ನಡೆಸುತ್ತಿದ್ದರು. ಹುಡುಗರು ಅಲ್ಲೇ ಉಳಿದು ಓದುತ್ತಿದ್ದರು. ಫುಕುಜಾವಾ 1855ರಲ್ಲಿ ಅಲ್ಲಿಗೆ ಸೇರಿದರು. ಅವರ ಆತ್ಮಕಥೆಯಲ್ಲಿ ಆ ಹಾಸ್ಟೆಲ್ ಜೀವನದ ವಿವರಗಳಿವೆ.

ಮಲಗಲು ಒಬ್ಬೊಬ್ಬನಿಗೆ ಒಂದು ಚಾಪೆಯಷ್ಟು ಜಾಗ. ಸೆಕೆಗಾಲದಲ್ಲಿ ಹುಡುಗರು ಮೈಮೇಲೆ ಬಟ್ಟೆಯೇ ಇಲ್ಲದೆ ಕೂರುತ್ತಿದ್ದರು. ಒಮ್ಮೆ ಫುಕುಜಾವಾಗೆ ಜ್ವರ ಬಂತು. ತಲೆಗೆ ದಿಂಬು ಬೇಕೆಂದು ಹುಡುಕಿದರೆ ಎಲ್ಲೂ ಇಲ್ಲ. ಆಗ ಹೊಳೆಯಿತಂತೆ: ಆ ಶಾಲೆಗೆ ಬಂದ ಮೇಲೆ ದಿಂಬು ಹಾಕಿ ಮಲಗಿದ್ದೇ ಇಲ್ಲ. ಓದುತ್ತ ಓದುತ್ತ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದರು, ಎದ್ದು ಮತ್ತೆ ಓದುತ್ತಿದ್ದರು.

ಇಡೀ ಶಾಲೆಗೆ ಒಂದೇ ದೊಡ್ಡ ನಿಘಂಟು. ಸುಮಾರು 3,000 ಪುಟದ, ಕೈಯಲ್ಲಿ ಬರೆದ ಪ್ರತಿ. ಅದಕ್ಕೇ ಒಂದು ಕೋಣೆ. ಪಾಠದ ಹಿಂದಿನ ರಾತ್ರಿ ಆ ಕೋಣೆಯಲ್ಲಿ ಹುಡುಗರು ಕಿಕ್ಕಿರಿದು, ಸರದಿಯಲ್ಲಿ ಪದ ಹುಡುಕಿಕೊಳ್ಳುತ್ತಿದ್ದರು. ಪಾಠದ ಪುಸ್ತಕವೂ ಅಚ್ಚಿನದಲ್ಲ. ಪ್ರತಿಯೊಬ್ಬನೂ ತನ್ನ ಪಾಠವನ್ನು ತಾನೇ ನಕಲು ಮಾಡಿಕೊಳ್ಳಬೇಕು.

ಪಾಠ ನಡೆಯುತ್ತಿದ್ದ ರೀತಿ ನೋಡಿ. ಮೇಷ್ಟ್ರು ನಿಂತು ವಿವರಿಸುತ್ತಿರಲಿಲ್ಲ. ಹತ್ತಾರು ಹುಡುಗರು ಸುತ್ತ ಕೂರುತ್ತಿದ್ದರು. ಚೀಟಿ ಎತ್ತಿ, ಬಂದ ಭಾಗವನ್ನು ಒಬ್ಬೊಬ್ಬನೂ ಬಿಡಿಸಿ ಹೇಳಬೇಕು. ತಪ್ಪಿದರೆ ಮುಂದಿನವನು. ಸರಿ ಹೇಳಿದವನಿಗೆ ಬಿಳಿ ಗುರುತು, ತಪ್ಪಿದವನಿಗೆ ಕಪ್ಪು ಗುರುತು. ಮೂರು ತಿಂಗಳು ಬಿಡದೆ ಮೊದಲ ಸ್ಥಾನ ಉಳಿಸಿಕೊಂಡವನಿಗೆ ಮೇಲಿನ ತರಗತಿ. ಪಾಠದ ದಿನ ಒಬ್ಬರಿಗೊಬ್ಬರು ಹೇಳಿಕೊಡುವಂತಿಲ್ಲ, ಕೇಳುವುದೂ ಅವಮಾನ. ಹಿಂದಿನ ದಿನದ ತಯಾರಿಯೆಲ್ಲ ಅವರವರದೇ.

ಒಂದು ದಿನ ಒಗಾಟಾ ಒಂದು ದಪ್ಪ ಡಚ್ ಪುಸ್ತಕ ಎರವಲು ತಂದರು. ಒಬ್ಬ ದೊಡ್ಡ ಪಾಳೆಯಗಾರ ಅದಕ್ಕೆ 80 ರ್‍ಯೊ ಕೊಟ್ಟಿದ್ದ. ರ್‍ಯೊ ಅಂದರೆ ಆ ಕಾಲದ ಚಿನ್ನದ ನಾಣ್ಯ. ಅದರಲ್ಲಿ ವಿದ್ಯುತ್ ಬಗ್ಗೆ, ಇಂಗ್ಲೆಂಡಿನ ಫ್ಯಾರಡೆಯ ಪ್ರಯೋಗಗಳ ಆಧಾರದ ಮೇಲೆ ಬರೆದ ಭಾಗವಿತ್ತು. ಪಾಳೆಯಗಾರ ಊರು ಬಿಡುವವರೆಗೆ ಮಾತ್ರ ಪುಸ್ತಕ ಇವರ ಕೈಯಲ್ಲಿ. ಹುಡುಗರು ಎರಡು ರಾತ್ರಿ ಮೂರು ಹಗಲು ಸರದಿ ಹಾಕಿಕೊಂಡರು. ಒಬ್ಬ ಓದುವುದು, ಇನ್ನೊಬ್ಬ ಬರೆಯುವುದು. ಒಬ್ಬನ ಕೈ ಸೋತರೆ ಮತ್ತೊಬ್ಬ. ಪೂರ್ತಿ ಭಾಗ ನಕಲಾಯಿತು. ಪುಸ್ತಕ ಹಿಂದಿರುಗಿಸುವಾಗ ಹೆತ್ತವರನ್ನು ಅಗಲಿದಷ್ಟು ಸಂಕಟವಾಯಿತು ಎಂದು ಫುಕುಜಾವಾ ಬರೆದಿದ್ದಾರೆ.

ಈ ಓದಿನಿಂದ ನೌಕರಿ ಸಿಗುತ್ತಿತ್ತೇ? ಒಸಾಕಾದಲ್ಲಿ ಅಂಥ ನೌಕರಿಗಳೇ ಇರಲಿಲ್ಲ. ಅದರಿಂದಲೇ ನಾವು ಚೆನ್ನಾಗಿ ಓದಿದೆವು ಅನ್ನುವುದು ಫುಕುಜಾವಾ ಅವರ ಮಾತಿನ ಸಾರ. ಮುಂದೆ ಏನು ಸಿಗುತ್ತದೆ ಎಂಬ ಚಿಂತೆ ಇಲ್ಲದೆ, ಕಷ್ಟದ ಪುಸ್ತಕ ಗೆಲ್ಲುವುದೇ ಅವರಿಗೆ ಖುಷಿಯಾಗಿತ್ತು.

ಜೊತೆಗಾರನ ಹುಡುಕಾಟ

ಯೊಕೊಹಾಮಾದಿಂದ ಬಂದ ಫುಕುಜಾವಾಗೆ ಈಗ ಇಂಗ್ಲಿಷ್ ಮೇಷ್ಟ್ರು ಬೇಕಿತ್ತು. ಇಂಗ್ಲಿಷ್ ಬಲ್ಲ ಸರ್ಕಾರಿ ದುಭಾಷಿ ಒಬ್ಬರಿದ್ದರು. ಅವರ ಮನೆಗೆ ಬೆಳಿಗ್ಗೆ ಹೋದರೆ ಕೆಲಸದ ಗಡಿಬಿಡಿ, ರಾತ್ರಿ ಹೋದರೆ ಯಾರೋ ಬಂದಿರುತ್ತಿದ್ದರು. ಮೈಲಿಗಟ್ಟಲೆ ನಡೆದು ಎರಡು ಮೂರು ತಿಂಗಳು ಅಲೆದದ್ದೇ ಬಂತು. ಸರ್ಕಾರದ ಅನುವಾದ ಕಚೇರಿಯಲ್ಲಿ ನಿಘಂಟು ಇತ್ತು, ಆದರೆ ಮನೆಗೆ ಕೊಡುತ್ತಿರಲಿಲ್ಲ. ಕೊನೆಗೆ ಅವರ ಪಾಳೆಯದ ಕಡೆಯಿಂದ 5 ರ್‍ಯೊ ಕೊಡಿಸಿ ಒಂದು ಡಚ್-ಇಂಗ್ಲಿಷ್ ನಿಘಂಟು ತರಿಸಿಕೊಂಡರು.

ಆಮೇಲೆ ಹುಡುಕಿದ್ದು ಜೊತೆಗಾರನನ್ನು. ಒಬ್ಬ ಗೆಳೆಯ ಮನಸ್ಸಿದ್ದರೂ ಮುಂದೆ ಬರಲಿಲ್ಲ. ಇನ್ನೊಬ್ಬ, ಬೇಕಾದದ್ದೆಲ್ಲ ಡಚ್ಚಿಗೆ ಅನುವಾದವಾಗಿ ಬರುತ್ತದೆ, ಇಂಗ್ಲಿಷ್ ಯಾಕೆ ಅಂದುಬಿಟ್ಟ. ಮೂರನೆಯವ ಒಪ್ಪಿದ. ಇಬ್ಬರೂ ಸೇರಿ ಶುರು ಮಾಡಿದರು. ಉಚ್ಚಾರಣೆಗೆ ನಾಗಾಸಾಕಿಯಿಂದ ಬಂದ ಹುಡುಗನೊಬ್ಬನನ್ನು ಕೇಳಿದರು, ಸಮುದ್ರದಲ್ಲಿ ದಿಕ್ಕುತಪ್ಪಿ ಹೊರದೇಶ ಸೇರಿ ಹಿಂದಿರುಗಿದ ನಾವಿಕರನ್ನು ಹುಡುಕಿಕೊಂಡು ಹೋದರು. ಓದುತ್ತ ಹೋದಂತೆ ಒಂದು ವಿಷಯ ಗೊತ್ತಾಯಿತು. ಡಚ್ ಕಲಿತ ಶ್ರಮ ಹಾಳಾಗಿರಲಿಲ್ಲ. ಎರಡೂ ದಾಯಾದಿ ಭಾಷೆಗಳು. ವಾಕ್ಯ ಬಿಡಿಸುವ ಅಭ್ಯಾಸ ಇಲ್ಲೂ ಕೆಲಸಕ್ಕೆ ಬಂತು.

1860ರಲ್ಲಿ ಜಪಾನಿನ ಹಡಗೊಂದರಲ್ಲಿ ಫುಕುಜಾವಾ ಸಾನ್ ಫ್ರಾನ್ಸಿಸ್ಕೊಗೆ ಹೋಗಿ ಬಂದರು. ಅಲ್ಲಿಂದ ವೆಬ್‌ಸ್ಟರ್ ನಿಘಂಟು ತಂದರು. 1867ರಲ್ಲಿ ಮತ್ತೆ ಅಮೆರಿಕಕ್ಕೆ ಹೋದಾಗ ಒಂದೊಂದೇ ಪ್ರತಿ ತರಲಿಲ್ಲ. ಭೂಗೋಳ, ಇತಿಹಾಸ, ಅರ್ಥಶಾಸ್ತ್ರ, ಗಣಿತ, ಹೀಗೆ ಪಠ್ಯಪುಸ್ತಕಗಳನ್ನು ಕಟ್ಟುಗಟ್ಟಲೆ ತಂದರು. ಅವರ ಶಾಲೆಯ ಪ್ರತಿ ಹುಡುಗನ ಕೈಗೂ ಅಚ್ಚಾದ ಪುಸ್ತಕ ಬಂತು. ನಕಲು ಮಾಡುವುದರಲ್ಲೇ ಕಳೆಯುತ್ತಿದ್ದ ಹೊತ್ತು ಓದಿಗೆ ಸಿಕ್ಕಿತು.

1868ರಲ್ಲಿ ಆ ಶಾಲೆಗೆ ಕೇಯೊ ಗಿಜುಕು ಎಂದು ಹೆಸರಾಯಿತು. ಇಂದಿನ ಕೇಯೊ ವಿಶ್ವವಿದ್ಯಾಲಯ ಅದೇ. ಆ ವರ್ಷ ದೇಶದಲ್ಲಿ ಅಂತರ್ಯುದ್ಧ. ಪಟ್ಟಣದ ಯುಯೆನೊ ಗುಡ್ಡದಲ್ಲಿ ತೋಪು ಹಾರುತ್ತಿದ್ದ ದಿನ ಫುಕುಜಾವಾ ಇಂಗ್ಲಿಷ್ ಅರ್ಥಶಾಸ್ತ್ರದ ಪುಸ್ತಕ ಹಿಡಿದು ಪಾಠ ನಡೆಸಿದರು. ಹುಡುಗರು ನಡುನಡುವೆ ಮಾಡು ಹತ್ತಿ ಹೊಗೆ ನೋಡಿ ಬಂದು ಮತ್ತೆ ಪಾಠಕ್ಕೆ ಕೂತರು.

ಎರಡು ದಾರಿ

ಮೇಯ್ಜಿ ಚಕ್ರವರ್ತಿಯ ಹೊಸ ಸರ್ಕಾರ ಬಂದ ಮೇಲೆ ಇಂಗ್ಲಿಷ್ ಕಲಿಯುವ ಹುಡುಗರ ಸಂಖ್ಯೆ ಏರಿತು. ಕಲಿಸುವುದರಲ್ಲಿ ಎರಡು ದಾರಿಗಳಿದ್ದವು. 1870ರಲ್ಲಿ ಸರ್ಕಾರಿ ಕಾಲೇಜಿನ ನಿಯಮದಲ್ಲೇ ಎರಡಕ್ಕೂ ಹೆಸರಿಟ್ಟರು.

ಒಂದು ನೇರ ದಾರಿ. ಹೊರದೇಶದ ಮೇಷ್ಟ್ರ ಹತ್ತಿರ ಉಚ್ಚಾರಣೆ, ಮಾತುಕತೆಯಿಂದ ಶುರುಮಾಡಿ ಓದಿಗೆ ಬರುವುದು. ಇನ್ನೊಂದು ಅಡ್ಡ ದಾರಿ. ಜಪಾನೀ ಮೇಷ್ಟ್ರ ಹತ್ತಿರ ಪದಕ್ಕೆ ಪದ ಇಟ್ಟು ಅರ್ಥ ಬಿಡಿಸುವುದು, ಉಚ್ಚಾರಣೆ ಹೇಗಾದರೂ ಇರಲಿ ಅನ್ನುವುದು. ಅಡ್ಡ ದಾರಿಯವರು ದಪ್ಪ ದಪ್ಪ ಪುಸ್ತಕ ಬೇಗ ಓದುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ನೇರ ದಾರಿಯವರು ಮಾತಾಡುತ್ತಿದ್ದರು, ಆದರೆ ಅಂಥ ಮೇಷ್ಟ್ರು ಸಿಗುವುದು ಕಷ್ಟ, ಸಂಬಳವೂ ವಿಪರೀತ. ಆ ಕಾಲದಲ್ಲಿ ಜಪಾನ್ ಕರೆಸಿಕೊಂಡ ಹೊರದೇಶದ ತಜ್ಞರಲ್ಲಿ ಕೆಲವರ ಸಂಬಳ ಮಂತ್ರಿಗಳ ಸಂಬಳವನ್ನೂ ಮೀರಿಸುತ್ತಿತ್ತು.

ನೇರ ದಾರಿಯ ದೊಡ್ಡ ಉದಾಹರಣೆ ಉತ್ತರದ ಹೊಕ್ಕೈಡೊ ದ್ವೀಪದ ಸಪ್ಪೊರೊ ಕೃಷಿ ಕಾಲೇಜು. 1876ರಲ್ಲಿ ಶುರುವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ಕೃಷಿ ಕಾಲೇಜಿನ ಮುಖ್ಯಸ್ಥರಾಗಿದ್ದ ವಿಲಿಯಂ ಕ್ಲಾರ್ಕ್ ಅಲ್ಲಿಗೆ ಬಂದರು. ಒಂದು ವರ್ಷವೂ ಇರಲಿಲ್ಲ, ಆದರೆ ಅವರು ಹಾಕಿದ ಪದ್ಧತಿ ಉಳಿಯಿತು. ಮಣ್ಣಿನ ಪಾಠ, ಗಿಡದ ಪಾಠ, ರಸಾಯನಶಾಸ್ತ್ರ ಎಲ್ಲವೂ ಇಂಗ್ಲಿಷಿನಲ್ಲಿ. ಪಠ್ಯಪುಸ್ತಕ ಇಲ್ಲ. ಹಗಲು ಕಿವಿಗೆ ಬಿದ್ದದ್ದನ್ನು ಗೀಚಿಕೊಂಡು, ರಾತ್ರಿ ಕೂತು ಶುದ್ಧಪ್ರತಿ ಮಾಡಬೇಕು. ಮೇಷ್ಟ್ರು ಆ ನೋಟ್ಸ್ ತಿದ್ದುತ್ತಿದ್ದರು. ಜೊತೆಗೆ ಕಾಲೇಜಿನ ಹೊಲದಲ್ಲಿ ದುಡಿಮೆ, ಅದಕ್ಕೆ ಕೂಲಿ.

ಅಲ್ಲಿಂದ ಬಂದ ನಿತೊಬೆ ಇನಾಜೊ ಮುಂದೆ ಜಪಾನಿನ ಯೋಧರ ನೀತಿಯ ಬಗ್ಗೆ 'ಬುಷಿಡೊ' ಎಂಬ ಪುಸ್ತಕವನ್ನು ಇಂಗ್ಲಿಷಿನಲ್ಲೇ ಬರೆದರು. ಅದನ್ನು ಲೋಕವೆಲ್ಲ ಓದಿತು. ಅವರ ಸಹಪಾಠಿ ಉಚಿಮುರಾ ಕಾನ್ಜೊ ಕೂಡ ಇಂಗ್ಲಿಷಿನಲ್ಲಿ ತಮ್ಮ ಕಥೆ ಬರೆದರು.

ಹೆಣ್ಣುಮಕ್ಕಳ ದಾರಿ ಇನ್ನೂ ಕಡಿದಾಗಿತ್ತು. 1871ರಲ್ಲಿ ಸರ್ಕಾರ ಐವರು ಹುಡುಗಿಯರನ್ನು ಅಮೆರಿಕಕ್ಕೆ ಕಳಿಸಿತು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ತ್ಸುದಾ ಉಮೆಕೊ, ಹೊರಟಾಗ ಆರು ವರ್ಷ. 1882ರಲ್ಲಿ ಮರಳಿದಾಗ ತಾಯ್ನುಡಿಯೇ ಮರೆತುಹೋಗಿತ್ತು, ಮತ್ತೆ ಕಲಿಯಬೇಕಾಯಿತು. 1900ರಲ್ಲಿ ಅವರು ಹತ್ತು ವಿದ್ಯಾರ್ಥಿನಿಯರೊಂದಿಗೆ ಹೆಣ್ಣುಮಕ್ಕಳ ಇಂಗ್ಲಿಷ್ ಶಾಲೆ ತೆರೆದರು. 1905ರಲ್ಲಿ ಆ ಶಾಲೆಯಲ್ಲಿ ಪಾಸಾದವರಿಗೆ ಬೇರೆ ಪರೀಕ್ಷೆಯಿಲ್ಲದೆ ಇಂಗ್ಲಿಷ್ ಶಿಕ್ಷಕಿಯ ಪರವಾನಗಿ ಸಿಗತೊಡಗಿತು. ಆ ಹುಡುಗಿಯರಿಗೆ ಇಂಗ್ಲಿಷ್ ಅಂದರೆ ಸ್ವಂತ ದುಡಿಮೆ.

ದೇಶವೇ ಇಂಗ್ಲಿಷಿಗೆ ಹೋದರೆ?

ಈ ಉತ್ಸಾಹದ ನಡುವೆ ಒಬ್ಬರು ಇನ್ನೂ ಮುಂದೆ ಹೋದರು. ಅಮೆರಿಕದಲ್ಲಿ ಜಪಾನಿನ ಪ್ರತಿನಿಧಿಯಾಗಿದ್ದ ಮೊರಿ ಅರಿನೊರಿ 1872ರಲ್ಲಿ ಯೇಲ್ ಕಾಲೇಜಿನ ಭಾಷಾ ಪಂಡಿತ ವಿಟ್ನಿ ಅವರಿಗೆ ಪತ್ರ ಬರೆದರು. ಜಪಾನೀ ಭಾಷೆ ಹೊಸ ಕಾಲಕ್ಕೆ ಸಾಲದು, ನಮ್ಮ ದೇಶ ಇಂಗ್ಲಿಷನ್ನೇ ತಂದುಕೊಳ್ಳಬೇಕು ಅನ್ನುವುದು ಅವರ ವಾದ.

ವಿಟ್ನಿ ಒಪ್ಪಲಿಲ್ಲ. ಹಾಗೆ ಮಾಡಿದರೆ ಓದಿದ ಕೆಲವರು ಒಂದು ಕಡೆ, ಉಳಿದ ಜನ ಇನ್ನೊಂದು ಕಡೆ ಆಗುತ್ತಾರೆ ಎಂದು ಎಚ್ಚರಿಸಿದರು.

ಇನ್ನೂ ಗಟ್ಟಿ ಉತ್ತರ ಬಂದದ್ದು ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತಾತ್ಸುಯಿ ಎಂಬ ತರುಣನಿಂದ. ಈತ ಫುಕುಜಾವಾ ಶಾಲೆಯ ಹುಡುಗ. 1873ರಲ್ಲಿ ಜಪಾನೀ ವ್ಯಾಕರಣದ ಪುಸ್ತಕವೊಂದನ್ನು ಹೊರತಂದು, ಅದರ ಮುನ್ನುಡಿಯಲ್ಲಿ ಮೊರಿ ಅವರನ್ನು ಎದುರಿಸಿದ. ನಮ್ಮ ಭಾಷೆಗೆ ವ್ಯಾಕರಣವಿದೆ, ಶಕ್ತಿಯಿದೆ ಎಂದು ತೋರಿಸಿದ. ಇಂಗ್ಲಿಷ್ ಕಲಿಯಲು ವರ್ಷಗಟ್ಟಲೆ ಬಿಡುವು ಬೇಕು, ಆ ಬಿಡುವು ಉಳ್ಳವರಿಗೆ ಮಾತ್ರ ಇರುತ್ತದೆ, ದುಡಿದು ತಿನ್ನುವವರು ದೇಶದ ವ್ಯವಹಾರದಿಂದಲೇ ಹೊರಗೆ ಉಳಿಯುತ್ತಾರೆ ಅನ್ನುವುದು ಅವನ ವಾದ. ಇಂಗ್ಲಿಷಿನ ಯಜಮಾನಿಕೆ ಬೇಡ ಎಂದು ವಾದಿಸಿದ ಆ ಪುಸ್ತಕ ಇದ್ದದ್ದು ಒಳ್ಳೆಯ ಇಂಗ್ಲಿಷಿನಲ್ಲಿ.

ಫುಕುಜಾವಾ ಉತ್ತರ ಬೇರೆ ರೀತಿಯದು. ಆಗಿನ ಜಪಾನಿನಲ್ಲಿ ಸಭೆಯಲ್ಲಿ ನಿಂತು ಭಾಷಣ ಮಾಡುವ ರೂಢಿಯೇ ಇರಲಿಲ್ಲ. ಜಪಾನೀ ಭಾಷೆಯಲ್ಲಿ ಭಾಷಣ ಸಾಧ್ಯವೇ ಇಲ್ಲ ಎಂದು ಮೊರಿ ಅಂದಾಗ, ಫುಕುಜಾವಾ ಗೆಳೆಯರ ಎದುರು ಆ ಭಾಷೆಯಲ್ಲೇ ಮಾತಾಡಿ ತೋರಿಸಿದರು. ಭಾಷಣಕ್ಕೆ ಎನ್ಜೆತ್ಸು ಎಂಬ ಪದವನ್ನು ಬಳಕೆಗೆ ತಂದರು. 1875ರಲ್ಲಿ ತಮ್ಮ ಶಾಲೆಯ ಆವರಣದಲ್ಲಿ ಭಾಷಣಕ್ಕೆಂದೇ ಒಂದು ಕಟ್ಟಡ ಕಟ್ಟಿಸಿದರು. ಅದು ಇಂದಿಗೂ ಇದೆ. ಹುಡುಗರು ಇಂಗ್ಲಿಷ್ ಪುಸ್ತಕದಿಂದ ಕಲಿತ ವಿದ್ಯೆಯನ್ನು ಅಲ್ಲಿ ತಮ್ಮ ಭಾಷೆಯಲ್ಲಿ ಪಳಗಿಸಿಕೊಂಡರು.

ಪದ ಕಟ್ಟಿದವರು

1877ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ ಶುರುವಾದಾಗ ಬಹುಪಾಲು ಪ್ರಾಧ್ಯಾಪಕರು ಹೊರದೇಶದವರು, ಪಾಠ ಅವರ ಭಾಷೆಗಳಲ್ಲಿ. 1880ರ ದಶಕದಿಂದ ಇದು ಬದಲಾಗತೊಡಗಿತು. ಹೊರದೇಶಕ್ಕೆ ಹೋಗಿ ಓದಿ ಬಂದ ಜಪಾನೀಯರು ಒಬ್ಬೊಬ್ಬರಾಗಿ ಆ ಕುರ್ಚಿಗಳಲ್ಲಿ ಕೂತು ಜಪಾನಿನ ಭಾಷೆಯಲ್ಲೇ ಪಾಠ ಮಾಡಿದರು.

ಅದಕ್ಕೆ ಪದಗಳು ಬೇಕಿದ್ದವು. ನಿಶಿ ಅಮಾನೆ ಎಂಬ ವಿದ್ವಾಂಸರು ಫಿಲಾಸಫಿಗೆ ತೆತ್ಸುಗಾಕು ಎಂಬ ಪದ ಕಟ್ಟಿದರು. ಟೆಲಿಫೋನ್ ಬಂದಾಗ ವಿದ್ಯುತ್ ಮತ್ತು ಮಾತು ಎಂಬ ಎರಡು ಅಕ್ಷರ ಸೇರಿಸಿ ದೆನ್ವಾ ಅಂದರು. 1881ರಲ್ಲಿ ತತ್ವಶಾಸ್ತ್ರದ ಪದಗಳ ಕೋಶವೇ ಅಚ್ಚಾಯಿತು. ಇಂಥ ಎಷ್ಟೋ ಪದಗಳು ಮುಂದೆ ಚೀನಾ, ಕೊರಿಯಾಗೂ ಹೋದವು.

ಈ ಪದ ಕಟ್ಟಿದವರು ಯಾರು? ಹೊರಭಾಷೆಯನ್ನು ತಳಮಟ್ಟ ಕಲಿತವರೇ. ಅವರು ಕಲಿತದ್ದರಿಂದ ಮುಂದಿನ ತಲೆಮಾರಿನ ಹುಡುಗ ಹೊರಭಾಷೆ ಬಾರದೆಯೂ ವೈದ್ಯನಾಗಬಹುದಿತ್ತು, ಎಂಜಿನಿಯರ್ ಆಗಬಹುದಿತ್ತು. ಇದಕ್ಕೆ ಒಂದು ಬೆಲೆ ಇತ್ತು. ಹೊಸ ಹುಡುಗರ ಇಂಗ್ಲಿಷ್ ಸೊರಗಿತು.

ಸೋಸೆಕಿ ಮೇಷ್ಟ್ರು

ಈ ಸೊರಗುವಿಕೆಯನ್ನು ಹತ್ತಿರದಿಂದ ನೋಡಿದವರು ನತ್ಸುಮೆ ಸೋಸೆಕಿ. ಜಪಾನಿನ ದೊಡ್ಡ ಕಾದಂಬರಿಕಾರ. ಕಾದಂಬರಿ ಬರೆಯುವ ಮೊದಲು ಇಂಗ್ಲಿಷ್ ಮೇಷ್ಟ್ರಾಗಿದ್ದರು. ಎರಡು ವರ್ಷ ಲಂಡನ್ನಿನಲ್ಲಿದ್ದು, 1903ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರು ಮಾಡಿದರು.

ಅವರಿಗಿಂತ ಮೊದಲು ಅಲ್ಲಿದ್ದವರು ಲಾಫ್ಕಾಡಿಯೊ ಹರ್ನ್. ಹುಡುಗರಿಗೆ ಅವರೆಂದರೆ ಪ್ರಾಣ. ಅವರನ್ನು ಬಿಡಿಸಿದ ಸಿಟ್ಟು ಹೊಸ ಮೇಷ್ಟ್ರ ಮೇಲೆ ತಿರುಗಿತು. ಸಾಲದ್ದಕ್ಕೆ ಸೋಸೆಕಿ 'ಸೈಲಸ್ ಮಾರ್ನರ್' ಕಾದಂಬರಿ ಹಿಡಿದು ಉಚ್ಚಾರಣೆ ತಪ್ಪು, ವ್ಯಾಕರಣ ತಪ್ಪು ಎಂದು ಒಂದೊಂದೇ ಸಾಲು ತಿದ್ದತೊಡಗಿದರು. ನಮ್ಮನ್ನು ಹೈಸ್ಕೂಲು ಮಕ್ಕಳಂತೆ ನೋಡುತ್ತಾರೆ ಎಂದು ಹುಡುಗರು ಮುನಿದರು.

ಅದೇ ವರ್ಷ ಅವರು ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಪಾಠ ಶುರುಮಾಡಿದರು. ಈಗ ಕೋಣೆ ತುಂಬಿತು. ಬೇರೆ ವಿಭಾಗದ ಹುಡುಗರೂ ಬಂದು ನಿಂತು ಕೇಳಿದರು. ಮೇಷ್ಟ್ರು ಅವರೇ, ಹುಡುಗರೂ ಅವರೇ. ಮೊದಲನೆಯದರಲ್ಲಿ ಹುಡುಗರ ತಪ್ಪು ಎಣಿಸಲಾಗುತ್ತಿತ್ತು. ಎರಡನೆಯದರಲ್ಲಿ ಕೊಲೆ ಮಾಡಿದ ಒಬ್ಬ ಮನುಷ್ಯನಿಗೆ ಮುಂದೇನಾಯಿತು ಅನ್ನುವ ಕಥೆ ಅವರನ್ನು ಎಳೆಯುತ್ತಿತ್ತು.

1911ರಲ್ಲಿ ಸೋಸೆಕಿ ವಿದ್ಯಾರ್ಥಿಗಳ ಪತ್ರಿಕೆಯೊಂದರಲ್ಲಿ ಭಾಷೆ ಕಲಿಕೆಯ ಬಗ್ಗೆ ಬರೆದರು. ಹುಡುಗರ ಇಂಗ್ಲಿಷ್ ಕೆಟ್ಟಿದೆ ಎಂದು ಎಲ್ಲರೂ ದೂರುತ್ತಿದ್ದ ಕಾಲ ಅದು. ಅವರ ಮಾತಿನ ತಿರುಳು ಹೀಗಿದೆ: ನಾವು ಓದುವಾಗ ಭೂಗೋಳ, ಚರಿತ್ರೆ, ಗಣಿತ, ಸಸ್ಯಶಾಸ್ತ್ರ ಎಲ್ಲವೂ ಹೊರಭಾಷೆಯ ಪುಸ್ತಕದಲ್ಲಿದ್ದವು. ಉತ್ತರವನ್ನೂ ಇಂಗ್ಲಿಷಿನಲ್ಲೇ ಬರೆದವರಿದ್ದರು. ಹಾಗಾಗಿ ಇಂಗ್ಲಿಷ್ ತಾನೇ ಬಂತು. ಈಗ ಪಾಠಗಳು ನಮ್ಮ ಭಾಷೆಯಲ್ಲಿವೆ, ಇಂಗ್ಲಿಷ್ ಹತ್ತರಲ್ಲಿ ಒಂದು ವಿಷಯ. ಅದು ಇಳಿಯದೆ ಇನ್ನೇನು? ಇದು ನಮ್ಮ ಶಿಕ್ಷಣ ಸರಿಯಾಗಿ ಬೆಳೆದದ್ದರ ಫಲ.

ಇನ್ನೊಂದು ಮಾತು ಸೇರಿಸಿದರು. ಸ್ವತಂತ್ರ ದೇಶವೊಂದು ಎಲ್ಲವನ್ನೂ ಹೊರಭಾಷೆಯಲ್ಲಿ ಓದುವುದು ಒಂದು ಬಗೆಯ ಅವಮಾನ, ಇಂಗ್ಲೆಂಡಿನ ಕೈಕೆಳಗಿನ ಇಂಡಿಯಾದಂತೆ ಅನ್ನಿಸುತ್ತದೆ ಎಂದರು.

ಇಂಡಿಯಾ ಅಂದರೆ ನಾವೇ. ಫುಕುಜಾವಾ ಹುಟ್ಟಿದ 1835ರಲ್ಲೇ ಇತ್ತ ಮೆಕಾಲೆಯ ಟಿಪ್ಪಣಿ ಬಂದಿತ್ತು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ದುಭಾಷಿಗಳಾಗಿ ನಿಲ್ಲುವ ಒಂದು ವರ್ಗವನ್ನು ಇಂಗ್ಲಿಷ್ ಓದಿಸಿ ಬೆಳೆಸುವುದು ಅದರ ಗುರಿ. ಅಲ್ಲಿನವರು ಇಂಗ್ಲಿಷಿನಲ್ಲಿದ್ದದ್ದನ್ನು ಮನೆಗೆ ಹೊತ್ತು ತರಲು ಕಲಿತರು. ಇಲ್ಲಿ ಇಂಗ್ಲಿಷ್ ಕಲಿತವರನ್ನು ಕಚೇರಿಗೆ ಕರೆದುಕೊಂಡರು.

ಪರೀಕ್ಷೆಯ ಇಂಗ್ಲಿಷ್

ಜಪಾನಿನಲ್ಲೂ ಎಲ್ಲ ಸರಿಯಾಯಿತು ಅನ್ನುವಂತಿಲ್ಲ. ಪಾಠದ ಭಾಷೆ ಬದಲಾದ ಮೇಲೂ ಮೇಲಿನ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಉಳಿಯಿತು. ಏನೋ ತಿಳಿಯಲು ಓದುತ್ತಿದ್ದ ಭಾಷೆ ಈಗ ಜರಡಿಯಾಯಿತು. ಹುಡುಗರು ಕಷ್ಟದ ವಾಕ್ಯ ಬಿಡಿಸುವುದನ್ನು, ಅಪರೂಪದ ಪದ ಬಾಯಿಪಾಠ ಮಾಡುವುದನ್ನು ಕಲಿತರು. ಪರೀಕ್ಷೆ ಮುಗಿದ ಮೇಲೆ ಬಿಟ್ಟರು.

1922ರಲ್ಲಿ ಇಂಗ್ಲೆಂಡಿನಿಂದ ಹೆರಾಲ್ಡ್ ಪಾಮರ್ ಎಂಬ ತಜ್ಞರನ್ನು ಕರೆಸಿದರು. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಪುಸ್ತಕ ಅನ್ನುವುದು ಅವರ ಪದ್ಧತಿ. 1936ರವರೆಗೂ ಇದ್ದು ದುಡಿದರು. ಅವರ ಪದ್ಧತಿ ಹಿಡಿದ ಕೆಲವು ಶಾಲೆಗಳು ಹೆಸರು ಮಾಡಿದವು. ಆದರೆ ಪ್ರವೇಶ ಪರೀಕ್ಷೆ ಕೇಳುತ್ತಿದ್ದದ್ದು ಅನುವಾದ. ದೊಡ್ಡ ತರಗತಿಯ ಮೇಷ್ಟ್ರು ಪರೀಕ್ಷೆ ಬಿಟ್ಟು ಪಾಮರ್ ಹಿಂದೆ ಹೋಗಲು ಆಗಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ ಅಮೆರಿಕದ ಸೈನಿಕರು ಊರೂರಿಗೆ ಬಂದರು. 1945ರ ಅಕ್ಟೋಬರ್ 3ರಂದು 32 ಪುಟದ ಒಂದು ಸಂಭಾಷಣೆ ಕೈಪಿಡಿ ಹೊರಬಂದು ಸುಮಾರು 36 ಲಕ್ಷ ಪ್ರತಿ ಖರ್ಚಾಯಿತು. 1946ರ ಫೆಬ್ರವರಿ 1ರಿಂದ ಹಿರಾಕಾವಾ ತಾದಾಇಚಿ ರೇಡಿಯೊದಲ್ಲಿ ದಿನಾ 15 ನಿಮಿಷ ಇಂಗ್ಲಿಷ್ ಪಾಠ ಶುರುಮಾಡಿದರು. ಅವರು ಹುಡುಗನಾಗಿದ್ದಾಗ ಅಮೆರಿಕಕ್ಕೆ ದುಡಿಯಲು ಹೋಗಿ, ಅಲ್ಲಿ ಚಿಕ್ಕ ಮಕ್ಕಳ ಜೊತೆ ಪ್ರಾಥಮಿಕ ಶಾಲೆಯಲ್ಲಿ ಕೂತು ಇಂಗ್ಲಿಷ್ ಕಲಿತು, ವಿಶ್ವವಿದ್ಯಾಲಯದವರೆಗೂ ಓದಿದವರು. ಪಾಠದ ಮೊದಲು ಎಲ್ಲರಿಗೂ ಗೊತ್ತಿದ್ದ ಮಕ್ಕಳ ಹಾಡಿನ ಧಾಟಿ. ಆಮೇಲೆ ಮನೆಯಲ್ಲಿ ಆಡುವ ಮಾತುಗಳು. ಊರೂರಲ್ಲಿ ಕೇಳುಗರು ಕೂಟ ಕಟ್ಟಿಕೊಂಡು ಮಾತಾಡಿ ನೋಡಿದರು.

ಹಾಗಿದ್ದರೂ ಕಾಲೇಜಿನ ಇಂಗ್ಲಿಷ್ ಪರೀಕ್ಷೆಯದಾಗಿಯೇ ಉಳಿಯಿತು. 1974ರಲ್ಲಿ ಹಿರಾಯಿಜುಮಿ ವಾತಾರು ಎಂಬ ಸಂಸದರು ನೇರವಾಗಿ ಕೇಳಿದರು: ಇಷ್ಟು ವರ್ಷ ಎಲ್ಲರಿಗೂ ಕಲಿಸಿ ಯಾರಿಗೂ ಬರುವುದಿಲ್ಲ ಅಂದರೆ ಏನು ಅರ್ಥ? ಪರೀಕ್ಷೆಯಿಂದ ತೆಗೆಯಿರಿ, ಬೇಕಾದವರಿಗೆ ಗಟ್ಟಿಯಾಗಿ ಕಲಿಸಿ, ಜನಸಂಖ್ಯೆಯ ಶೇಕಡಾ 5ರಷ್ಟು ಜನ ಚೆನ್ನಾಗಿ ಬಲ್ಲವರಿದ್ದರೆ ಸಾಕು ಎಂದರು. ವಾತಾನಾಬೆ ಶೋಇಚಿ ಎಂಬ ಪ್ರಾಧ್ಯಾಪಕರು ಎದುರು ವಾದಿಸಿದರು. ವಾಕ್ಯ ಬಿಡಿಸುವ ಕಷ್ಟವೇ ಬುದ್ಧಿಗೆ ಸಾಣೆ, ಮಾತು ಬೇಕಾದಾಗ ಆ ತಳಪಾಯದ ಮೇಲೆ ಕಟ್ಟಿಕೊಳ್ಳಬಹುದು ಅಂದರು. ಆ ಜಗಳ ಅಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ.

ನಮಗೆ ಇದರಲ್ಲಿ ಏನಿದೆ?

2008ರಲ್ಲಿ ಮಸುಕಾವಾ ತೋಶಿಹಿದೆ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಸ್ಟಾಕ್‌ಹೋಮ್‌ನಲ್ಲಿ ನಿಂತು, ನನಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ ಎಂದು ಹೇಳಿ, ಉಪನ್ಯಾಸವನ್ನು ಜಪಾನೀ ಭಾಷೆಯಲ್ಲೇ ಕೊಟ್ಟರು. ಆದರೆ ಆ ಬಹುಮಾನ ತಂದ, ಕೊಬಯಾಶಿ ಅವರ ಜೊತೆ ಸೇರಿ ಮಾಡಿದ 1973ರ ಸಂಶೋಧನಾ ಲೇಖನ ಇಂಗ್ಲಿಷಿನಲ್ಲೇ ಪ್ರಕಟವಾಗಿತ್ತು. ಯೋಚಿಸಲು ತಮ್ಮ ಭಾಷೆ, ಲೋಕಕ್ಕೆ ತಿಳಿಸಲು ಇಂಗ್ಲಿಷ್. ಎರಡಕ್ಕೂ ಜಾಗವಿತ್ತು.

ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ನೋಡಿ ಬಂದಿದ್ದರು. ಅವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದರ ಪಾಠ ಮಾತ್ರ ಇಂಗ್ಲಿಷಿನಲ್ಲೇ ನಡೆಯಿತು. ಕುವೆಂಪು 1956ರಿಂದ 1960ರವರೆಗೆ ಅಲ್ಲಿ ಉಪಕುಲಪತಿಗಳಾಗಿದ್ದಾಗ ಕಾಲೇಜಿನಲ್ಲಿ ಕನ್ನಡ ಮಾಧ್ಯಮಕ್ಕೆ ದಾರಿ ಮಾಡಲು ದುಡಿದರು. ಆ ಕೆಲಸ ವಿಜ್ಞಾನದ ಕಡೆ ಹೆಚ್ಚು ದೂರ ಹೋಗಲಿಲ್ಲ. ಹಾಗಾಗಿ ನಮ್ಮ ಹಳ್ಳಿಯ ಹುಡುಗಿ ಇಂದು ಎರಡು ಹೊರೆ ಒಟ್ಟಿಗೆ ಹೊರುತ್ತಾಳೆ. ಭೌತಶಾಸ್ತ್ರವನ್ನೂ ಕಲಿಯಬೇಕು, ಅದನ್ನು ಹೇಳುವ ಭಾಷೆಯನ್ನೂ ಅದೇ ಹೊತ್ತಿಗೆ ಕಲಿಯಬೇಕು. ಬಿದ್ದರೆ ಭೌತಶಾಸ್ತ್ರ ತಲೆಗೆ ಹತ್ತಲಿಲ್ಲ ಅನ್ನುತ್ತಾರೆ. ಎಷ್ಟೋ ಸಲ ಹತ್ತದೆ ಇದ್ದದ್ದು ಇಂಗ್ಲಿಷ್.

ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ಜಪಾನಿನವರು ಈ ಎರಡನ್ನೂ ಬೇರೆ ಮಾಡಿದರು, ಆಮೇಲೆ ಮೊದಲನೆಯದನ್ನು ಪರೀಕ್ಷೆಯ ಕೈಗೆ ಕೊಟ್ಟು ಹಾಳುಮಾಡಿಕೊಂಡರು. ನಾವು ಎರಡನ್ನೂ ಕಲಸಿಬಿಟ್ಟಿದ್ದೇವೆ. ಇದನ್ನು ಬಿಡಿಸುವುದು ಸರ್ಕಾರದ, ವಿಶ್ವವಿದ್ಯಾಲಯಗಳ ಕೆಲಸ. ಪದ ಕಟ್ಟಬೇಕು, ಪುಸ್ತಕ ಬರೆಸಬೇಕು, ಕನ್ನಡದಲ್ಲಿ ಓದಿದವರಿಗೆ ಕೆಲಸ ಕೊಡಬೇಕು. ಅದು ನಾಳೆ ಆಗುವುದಿಲ್ಲ, ನಮ್ಮ ಹುಡುಗಿಯ ಪರೀಕ್ಷೆ ಮಾತ್ರ ಈ ವರ್ಷವೇ ಇದೆ.

ಅಲ್ಲಿಯವರೆಗೆ ಕಾಲೇಜಿಗೆ ಹೋಗುವ ಮಕ್ಕಳು ಆ ಹಳೆಯ ಹಾಸ್ಟೆಲ್ಲಿನಿಂದ ಕಲಿಯಬಹುದಾದದ್ದು ಇಷ್ಟು. ವಿಷಯವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ನಾಚಿಕೆ ಬೇಡ. ಇಂಗ್ಲಿಷಿಗೆ ನಿಮಗೆ ನಿಜವಾಗಿ ಬೇಕಾದ ಒಂದು ಪುಸ್ತಕ ಹಿಡಿಯಿರಿ. ಕೃಷಿಯಾಗಲಿ, ಮೋಟಾರಾಗಲಿ, ಕ್ರಿಕೆಟ್ ಆಗಲಿ, ತಿಳಿಯಬೇಕೆಂಬ ಹಸಿವು ಇದ್ದರೆ ಭಾಷೆ ಹಿಂದೆ ಬರುತ್ತದೆ. ತೆಕಿಜುಕುವಿನಲ್ಲಿ ಇಡೀ ಶಾಲೆಗೆ ಒಂದೇ ನಿಘಂಟು ಇತ್ತು, ಇಂದು ಅದು ಪ್ರತಿಯೊಬ್ಬರ ಫೋನಿನಲ್ಲಿದೆ.

ಫೋನಿನಲ್ಲಿ ಸಿಗದಿರುವುದು ಜೊತೆಗಾರ. ಊರಿನಲ್ಲಿ ಮೂರು ನಾಲ್ಕು ಜನ ವಾರಕ್ಕೆರಡು ಸಂಜೆ ಕೂತು, ಸರದಿಯಲ್ಲಿ ಒಂದೊಂದು ಪುಟ ಓದಿ, ಅರ್ಥ ಬಿಡಿಸಿ, ತಪ್ಪಾದರೆ ನಕ್ಕು ಮುಂದಿನವರಿಗೆ ಬಿಡುವುದಕ್ಕೆ ಫೀಸು ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಜಗಲಿಯೇ ಸಾಕು.